ಅಧಿಕಾರಿ ಆಡದ ಮಾತು

ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸುರುಳಿಯ ಪಕ್ಕದಿಂದ ಜೇನಿನ ಬಣ್ಣದ ಬೆಳಕು ಹಾದು ಈಚೆ ಬಂತು. ಹಾಗೆ ಬೆಳಕು ದಾಟಿ ಬಂದರೆ ಅದು ಹಳೆಯ ಅಸಿಟೇಟ್ ಟೇಪು ಎಂದು ಅರ್ಥ. ಅದು ಜಗ್ಗುವುದಿಲ್ಲ, ಒಣಗಿದ ಎಲೆಯಂತೆ ಫಟ್ಟನೆ ಮುರಿಯುತ್ತದೆ. ಈ ರೀಲು ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. ಅಂಚೆಯಲ್ಲಿ ಧ್ವನಿಪತ್ರ ಕಳಿಸುವವರಿಗಾಗಿ ಆಗ ಇಂಥವು ಪುಟ್ಟ ರಟ್ಟಿನ ಡಬ್ಬಿಯ ಸಮೇತ ಸಿಗುತ್ತಿದ್ದವು. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಒಂದೇ ಮಾತು: ‘ಧಾರವಾಡಕ್ಕ’, ಅಂದರೆ ಧಾರವಾಡಕ್ಕೆ.

ಆ ವಾರಗಳ ದಿನಚರಿ ಈಗ ನನ್ನ ಮುಂದಿದೆ. ಅದಿಲ್ಲದೆ ಇದನ್ನು ಬರೆಯುವ ಧೈರ್ಯ ನನಗಿರಲಿಲ್ಲ. ನನ್ನ ನೆನಪಿನಲ್ಲಿ ರೀಲು ಬಂದ ದಿನ ಮಳೆ. ದಿನಚರಿಯಲ್ಲಿ ‘ಒಳ್ಳೆಯ ಬಿಸಿಲು, ಪರದೆ ಎಳೆದೆ’ ಎಂದಿದೆ. ಎರಡರಲ್ಲಿ ಒಂದನ್ನು ನಂಬಬೇಕಾದರೆ ನಾನು ದಿನಚರಿಯನ್ನೇ ನಂಬುತ್ತೇನೆ. ಆದರೆ ಅದನ್ನು ಬರೆದವಳೂ ನಾನೇ ಎಂಬುದು ಈ ಕೆಲಸ ಮುಗಿಯುವ ಹೊತ್ತಿಗೆ ಚೆನ್ನಾಗಿ ಮನದಟ್ಟಾಗಿತ್ತು.

ಲಂಡನ್ನಿನ ಅಂಚಿನ ಹೇಸ್‌ನ ಗೋದಾಮುಗಳ ಸಾಲಿನಲ್ಲಿ, ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೊ. ಹಳೆಯ ಧ್ವನಿಮುದ್ರಣಗಳನ್ನು ಶುದ್ಧಗೊಳಿಸುವುದು ಅಲ್ಲಿನ ಕೆಲಸ. ಆಗ ನಮ್ಮ ಕೈಯಲ್ಲಿದ್ದದ್ದು ಅರವತ್ತರ ದಶಕದಲ್ಲಿ ಇಲ್ಲಿ ಶನಿವಾರ ಸಂಜೆ ಟಿವಿಯಲ್ಲಿ ಬರುತ್ತಿದ್ದ ಒಂದು ವೈಜ್ಞಾನಿಕ ಧಾರಾವಾಹಿ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಪ್ರಯಾಣ ಮಾಡುವವರ ಕಥೆ. ಆ ಕಾಲದಲ್ಲಿ ಪ್ರಸಾರ ಮುಗಿದ ಮೇಲೆ ಟೇಪು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಡುತ್ತಿದ್ದರು. ಹಾಗಾಗಿ ಹಲವು ಕಂತುಗಳ ಚಿತ್ರ ಇಲ್ಲವಾಯಿತು. ಧ್ವನಿ ಮಾತ್ರ ಅಲ್ಲಲ್ಲಿ ಉಳಿದಿದೆ, ಮನೆಯಲ್ಲಿ ಟಿವಿಯ ಎದುರು ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಂಡ ಅಭಿಮಾನಿಗಳ ದಯೆಯಿಂದ. ಆ ಧ್ವನಿಯನ್ನು ತೊಳೆದು, ಅದಕ್ಕೆ ಹೊಸದಾಗಿ ಕಾರ್ಟೂನ್ ಚಿತ್ರ ಬರೆಸಿ ಮತ್ತೆ ಬಿಡುಗಡೆ ಮಾಡುತ್ತಾರೆ. ನಮ್ಮ ಕಂತಿಗೆ ಇದ್ದದ್ದು ಒಂದೇ ಧ್ವನಿ ಪ್ರತಿ. ಅದರಲ್ಲಿ ಕೊನೆಯ ನಾಲ್ಕು ನಿಮಿಷ ಇರಲಿಲ್ಲ.

ಆ ನಾಲ್ಕು ನಿಮಿಷ ಈ ಪುಟ್ಟ ರೀಲಿನಲ್ಲಿ ಸಿಕ್ಕಿತು. ಎಜ್‌ವೇರ್‌ನ ಒಬ್ಬ ಹುಡುಗಿ ಅಜ್ಜಿಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಇದನ್ನು ಕಂಡು, ಕೌನ್ಸಿಲ್ ಲೈಬ್ರರಿಯಲ್ಲಿ ಹಳೆಯ ಟೇಪು ಕೇಳಿಸಿಕೊಡುವ ದಿನ ಒಯ್ದಿದ್ದಳು. ಅಲ್ಲಿದ್ದ ಸ್ವಯಂಸೇವಕ ಒಂದು ನಿಮಿಷ ಕೇಳಿ ಯಂತ್ರ ನಿಲ್ಲಿಸಿದನಂತೆ. ಮುಂದೆ ಒಂದು ಹೆಂಗಸಿನ ದನಿ, ಯಾವುದೋ ತಿಳಿಯದ ಭಾಷೆ. ಹಿಂದೆ, ದೂರದಲ್ಲಿ, ಅವನು ಕನಸಿನಲ್ಲೂ ಗುರುತಿಸಬಲ್ಲ ಧಾರಾವಾಹಿಯ ಸದ್ದು.

ಆ ತಿಳಿಯದ ಭಾಷೆ ಕನ್ನಡ. ಸ್ಟುಡಿಯೊದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ಕೆಲಸ ನನ್ನ ಮೇಜಿಗೆ ಬಂತು.

ಮುರಿಯಬಹುದಾದ ಟೇಪನ್ನು ಮುಟ್ಟುವ ಮೊದಲು ಯಜಮಾನರ ಒಪ್ಪಿಗೆ ಪಡೆಯುವುದು ನಮ್ಮ ಪದ್ಧತಿ. ಎಜ್‌ವೇರ್‌ಗೆ ಹೋದೆ. ಬಾಗಿಲು ತೆಗೆದದ್ದು ಮೊಮ್ಮಗಳು. ಒಳಗೆ ಕುರ್ಚಿಯಲ್ಲಿ ಎಂಬತ್ತು ದಾಟಿದ ಹಿರಿಯರು, ನೈಲಾನ್ ಸೀರೆಯ ಮೇಲೆ ಕಾರ್ಡಿಗನ್, ಕಾಲಲ್ಲಿ ಉಣ್ಣೆಯ ಚಪ್ಪಲಿ.

“ನಮಸ್ಕಾರ ಅಜ್ಜಿ,” ಎಂದೆ.

“ಅಜ್ಜಿ ಅನ್ಲಿಕ್ಕೆ ಇಕಿ ಒಬ್ಬಾಕಿ ಸಾಕು. ನೀ ಕಾಕೂ ಅನ್ನು. ನಿನ್ನ ತಲಿನೂ ಬೆಳ್ಳಗಾಗ್ಲಿಕತ್ತದ,” ಎಂದರು. ಕಾಕೂ ಎಂದರೆ ಅವರ ಕಡೆ ಚಿಕ್ಕಮ್ಮ. ಮೊಮ್ಮಗಳು ನಗು ತಡೆಯಲು ಅಡುಗೆಮನೆಗೆ ಓಡಿದಳು.

ಆ ಟೇಪಿನ ಕಥೆ ಕಾಕೂ ಹೇಳಿದಂತೆ ಹೀಗಿದೆ. ಮದುವೆಯಾಗಿ ಲಂಡನ್ನಿಗೆ ಬಂದ ಮೊದಲ ವರ್ಷ ಗಂಡ ಹೆಂಡತಿ ಟೂಟಿಂಗಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿದ್ದರು. ಊರಿನಲ್ಲಿ ತಂಗಿಯ ಮದುವೆ. ಹೋಗುವ ಹಾಗಿರಲಿಲ್ಲ. ಮದುವೆಮನೆಯಲ್ಲಿ ಅಕ್ಕನ ಒಡಪು ಬೇಕೇ ಬೇಕು ಎಂದು ತಂಗಿ ಪತ್ರ ಬರೆದಳು. ಉತ್ತರ ಕರ್ನಾಟಕದಲ್ಲಿ ಹೆಂಡತಿ ಸುಮ್ಮನೆ ಗಂಡನ ಹೆಸರು ಹೇಳುವುದಿಲ್ಲ. ಶುಭಕಾರ್ಯದಲ್ಲಿ ಹೆಂಗಸರೆಲ್ಲ ಕಾಡಿದಾಗ ಎರಡು ಮೂರು ಸಾಲಿನ ಪ್ರಾಸ ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳುತ್ತಾಳೆ. ಅದು ಒಡಪು. ಗಂಡ ಆಫೀಸಿನ ಗೆಳೆಯನಿಂದ ಟೇಪ್ ರೆಕಾರ್ಡರ್ ತಂದರು. ತಮ್ಮ ಕೋಣೆಯ ಪ್ಲಗ್ಗು ಕೆಟ್ಟಿತ್ತು, ಆದ್ದರಿಂದ ಮನೆಯೊಡತಿಯ ಮುಂದಿನ ಕೋಣೆಯಲ್ಲಿ ಕುಳಿತರು. ಅವಳ ಟಿವಿ ನಡೆದೇ ಇತ್ತು.

“ಟಿವಿ ಆರ್ಸ್ರಿ ಅಂತ ಕೇಳ್ಲಿಲ್ವಾ?” ಎಂದೆ.

“ಆಕಿ ಮನಿ, ಆಕಿ ಟಿವಿ. ಏನಂತ ಕೇಳ್ಬೇಕು? ನಮ್ಮವರಿಗೂ ಆ ಹುಚ್ಚು ಕಥಿ ಭಾಳ ಸೇರ್ತಿತ್ತು. ಒಂದ್ ಕಣ್ಣು ನನ್ನ ಮ್ಯಾಲೆ, ಒಂದ್ ಕಣ್ಣು ಅದರ ಮ್ಯಾಲೆ.”

ರೆಕಾರ್ಡ್ ಮಾಡಿ ಡಬ್ಬಿಯ ಮೇಲೆ ಬರೆದದ್ದೂ ಆಯಿತು. ಆಮೇಲೆ, ಧಾರವಾಡದಲ್ಲಿ ತಮಗೆ ಪರಿಚಯವಿದ್ದ ಯಾರ ಬಳಿಯೂ ಅದನ್ನು ಕೇಳಿಸುವ ಯಂತ್ರವಿಲ್ಲ ಎಂದು ತಿಳಿಯಿತು. ರೀಲು ಹೋಗಲೇ ಇಲ್ಲ. ಯಂತ್ರ ಗೆಳೆಯನಿಗೆ ಹಿಂತಿರುಗಿತು. ಹಾಗಾಗಿ ಅದನ್ನು ಯಾರೂ, ಕಾಕೂ ಸಹ, ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಒಪ್ಪಿಗೆಗೆ ಅವರದು ಒಂದೇ ಷರತ್ತು.

“ಅದರಾಗ ನಮ್ಮವರ ದನಿ ಅದ. ಅವರು ಹೋದಾಗ ಇಕಿ ತಾಯಿ ಇನ್ನೂ ಸಾಲಿಗೆ ಹೋಗ್ತಿರ್ಲಿಲ್ಲ. ಒಂದ್ ನಾಕು ಫೋಟೋ ಬಿಟ್ರ ಏನೂ ಇಲ್ಲ. ಆ ದನಿ ತಗದು ಇಕಿ ಫೋನಿನಾಗ ಹಾಕಿಕೊಡು. ನಿಮ್ಮ ಕಥಿ ನೀವು ಇಟ್ಕೋರಿ.”

“ಏನು ಮಾತಾಡಿದ್ರು, ನೆನಪಿದೆಯಾ ಕಾಕೂ?”

“ನನ್ನ ಒಡಪು ಮುಗಿದ ಕೂಡ್ಲೆ ನಕ್ಕು, ಭಪ್ಪರೆ ಅಂದ್ರು. ನಂಗ ನಿನ್ನಿ ಕೇಳಿದಂಗ ಅದ.”

ನಿನ್ನೆ ಕೇಳಿದ ಹಾಗೆ ಇರುವ ನೆನಪುಗಳ ಬಗ್ಗೆ ನನಗೆ ಅನುಮಾನ ಹೆಚ್ಚು. ಆದರೂ ಬರೆದುಕೊಂಡೆ.

ಟೇಪು ಎರಡು ದಿನ ಸ್ಟುಡಿಯೊದ ಗಾಳಿಗೆ ಹೊಂದಿಕೊಳ್ಳಲೆಂದು ಸುಮ್ಮನೆ ಇಟ್ಟೆ. ಮೂರನೆಯ ದಿನ ಕೈಯಿಂದ, ಯಂತ್ರದ ಮೋಟಾರು ಹಚ್ಚದೆ, ಇನ್ನೊಂದು ರೀಲಿಗೆ ಸುತ್ತಿದೆ. ಮೂರು ಕಡೆ ಮುರಿಯಿತು. ಅಸಿಟೇಟಿನ ಒಂದು ಗುಣವೆಂದರೆ ಮುರಿದ ತುದಿಗಳು ಸರಿಯಾಗಿ ಕೂಡುತ್ತವೆ. ತೆಳು ಪಟ್ಟಿ ಅಂಟಿಸಿದರೆ ಧ್ವನಿಯಲ್ಲಿ ಕಳೆದುಹೋಗುವುದು ಬಹಳ ಕಡಿಮೆ. ಆಮೇಲೆ ಪ್ಲೇಯರಿನಲ್ಲಿ ಟೇಪು ಓದುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ‘ಸ’ಕಾರಗಳು ಮಂಕಿನಿಂದ ಚುರುಕಾಗುವ ಜಾಗ ಹುಡುಕಿದೆ. ಆ ಕಾಲದ ರೆಕಾರ್ಡರು ನಿಧಾನವಾಗಿ ಓಡಿದ್ದರಿಂದ ಈಗ ಎಲ್ಲರ ದನಿಯೂ ಕೀಚಲಾಗಿತ್ತು. ಅದಕ್ಕೂ ದಾರಿಯಿದೆ. ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುವ ಗುಂಯ್ ಸದ್ದು ಟೇಪಿನಲ್ಲಿ ಸೇರಿಕೊಂಡಿರುತ್ತದೆ. ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುವ ಆ ಸದ್ದನ್ನು ಐವತ್ತಕ್ಕೆ ಎಳೆದು ನೇರ ಮಾಡಿದರೆ ಅದರ ಜೊತೆ ಎಲ್ಲರ ದನಿಯೂ ತನ್ನ ಜಾಗಕ್ಕೆ ಬರುತ್ತದೆ.

ರೀಲಿನ ಎಂಟು ನಿಮಿಷವೂ ಪೂರ್ತಿ ಸಿಕ್ಕಿತು, ನಮಗೆ ಬೇಕಿದ್ದ ನಾಲ್ಕು ನಿಮಿಷ ಅದರೊಳಗೇ ಇತ್ತು. ಅಂದು ಸಂಜೆ ಸಂತೋಷವಾಗಿ ಮನೆಗೆ ನಡೆದುಕೊಂಡೇ ಹೋದೆ.

ಬೇರ್ಪಡಿಸುವ ಕೆಲಸ ಮಾರನೆಯ ದಿನ ಶುರುವಾಯಿತು. ನಮ್ಮ ಪರದೆಯ ಮೇಲೆ ಧ್ವನಿ ಒಂದು ಚಿತ್ರವಾಗಿ ಕಾಣುತ್ತದೆ, ಮೋಡಗಳ ಹಾಗೆ. ಯಾವ ಮೋಡ ಯಾರದು ಎಂದು ಬಣ್ಣ ಹಚ್ಚುತ್ತ ಹೋಗಬೇಕು. ಬಣ್ಣದ ಪ್ರಕಾರ ಆಮೇಲೆ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಬಹುದು. ಕಂತು ಬಿಡುಗಡೆ ಮಾಡುವ ಗಿರಾಕಿಗೆ ಕನ್ನಡ ಗದ್ದಲ, ಕಾಕೂಗೆ ಟಿವಿ ಗದ್ದಲ. ಒಂದೇ ಬಣ್ಣಹಚ್ಚುವಿಕೆಯಿಂದ ಇಬ್ಬರಿಗೂ ಕೊಡಬಹುದೆಂದು ನಾನು ಒಂದು ಸುಲಭ ನಿಯಮ ಮಾಡಿಕೊಂಡೆ. ದಿನಚರಿಯಲ್ಲಿ ಅದನ್ನು ಜಾಣತನವೆಂಬಂತೆ ಅಡಿಗೆರೆ ಹಾಕಿ ಬರೆದಿದ್ದೇನೆ: ‘ಕನ್ನಡವೆಲ್ಲ ಹಸಿರು, ಇಂಗ್ಲಿಷೆಲ್ಲ ಕೆಂಪು.’

ಟೇಪಿನಲ್ಲಿ ಕಾಕೂ ಮೊದಲು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸುತ್ತಾರೆ. ಎಮ್ಮೆಯನ್ನೂ ವಿಚಾರಿಸುತ್ತಾರೆ. ಹಿಂದೆ ಧಾರಾವಾಹಿಯಲ್ಲಿ ವಿಚಾರಣೆ ನಡೆದಿದೆ: ಬೇರೆ ಗ್ರಹದ ನ್ಯಾಯಸಭೆಯ ಮುಂದೆ ಸೆರೆಸಿಕ್ಕ ನಾಯಕಿ ತನ್ನ ಮಾತು ಹೇಳುತ್ತಿದ್ದಾಳೆ, ಎತ್ತರದ ಟೊಪ್ಪಿಗೆಯ ಅಧಿಕಾರಿಯೊಬ್ಬ ಕಾವಲಿಗೆ ನಿಂತಿದ್ದಾನೆ. ಕೊನೆಯ ನಿಮಿಷದಲ್ಲಿ ಇತ್ತ ಒಡಪು, ಅತ್ತ ನಾಯಕಿಯ ಮಾತು, ಒಂದರ ಮೇಲೊಂದು. ಇಪ್ಪತ್ತು ದಾಟಿರದ ಕಾಕೂವಿನ ದನಿ ಸ್ವಲ್ಪ ನಡುಗುತ್ತದೆ:

“ಥೇಮ್ಸ್ ಹೊಳಿ ಮ್ಯಾಲ ಮಂಜಿನ ಪರದೆ,
ತಂಗಿ ಮದುವಿಗೆ ಊರಿಗೆ ಬರದೆ...”

ಇಲ್ಲಿ ಒಂದು ಕುರ್ಚಿ ಕಿರುಗುಟ್ಟುತ್ತದೆ, ಟಿವಿಯ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ, ಕಾಕೂ ನಿಲ್ಲಿಸುತ್ತಾರೆ. ಒಬ್ಬ ಗಂಡಸು, ಮೆಲ್ಲಗೆ, ಆದರೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುತ್ತಾನೆ: “ಪ್ಲೀಸ್. ಲೆಟ್ ಹರ್ ಫಿನಿಶ್.” ದಯವಿಟ್ಟು ಅವಳು ಮುಗಿಸಲಿ. ಮತ್ತೆ ಸದ್ದು ತಗ್ಗುತ್ತದೆ. ಒಡಪು ಹೆಸರಿನೊಂದಿಗೆ ಮುಗಿಯುತ್ತದೆ, ಟೇಪೂ ಅಲ್ಲಿಗೇ ಮುಗಿಯುತ್ತದೆ.

ಇಂಗ್ಲಿಷ್ ಮಾತು, ಕೆಂಪು ಹಚ್ಚಿದೆ.

ಆ ಸಾಲು ಕಂತಿನ ಸಂಭಾಷಣೆಯ ಉಳಿದುಬಂದಿದ್ದ ಹಸ್ತಪ್ರತಿಯಲ್ಲಿ ಇರಲಿಲ್ಲ. ಅದು ನನ್ನನ್ನು ಎಚ್ಚರಿಸಬೇಕಿತ್ತು. ಆದರೆ ಆ ಕಾಲದ ನಟರು ಬರೆದದ್ದನ್ನು ಬಿಟ್ಟು ಆಗಾಗ ತಮ್ಮದೇ ಮಾತು ಸೇರಿಸುತ್ತಿದ್ದರು, ಅದು ಎಲ್ಲರಿಗೂ ಗೊತ್ತು. ಸನ್ನಿವೇಶಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತೆಂದರೆ ನಮ್ಮ ಸ್ಟುಡಿಯೊದ ಮುಖ್ಯಸ್ಥ, ಚಿಕ್ಕಂದಿನಿಂದ ಈ ಧಾರಾವಾಹಿಯ ಭಕ್ತ, ಕೇಳಿ ಎದ್ದು ನಿಂತುಬಿಟ್ಟ.

“ಇಡೀ ಸಭೆಯಲ್ಲಿ ಆ ಅಧಿಕಾರಿಗೆ ಮಾತ್ರ ಮನುಷ್ಯತ್ವ ಇದೆ, ನೋಡಿದೆಯಾ? ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ!” ಎಂದ. “ಆ ಉಚ್ಚಾರಣೆ ನೋಡು. ಬೇರೆ ಗ್ರಹದವನು ಅಂತ ಅನ್ನಿಸೋ ಹಾಗೆ ನಟ ಅದನ್ನ ಬೇಕೂಂತಲೇ ಮಾಡಿದಾನೆ.”

ನಾನೂ ತಲೆಯಾಡಿಸಿದೆ. ಚಿತ್ರಕಾರರಿಗೆ ಸಾಲು ಹೋಯಿತು. ಟೊಪ್ಪಿಗೆಯ ಅಧಿಕಾರಿಯ ತುಟಿ ಆ ಮಾತಿಗೆ ಅಲುಗುವಂತೆ ಬರೆದರು.

ಹಸಿರು ಬಣ್ಣದಲ್ಲಿ ಗಂಡಸಿನ ದನಿ ಒಂದೂ ಇರಲಿಲ್ಲ. ನಗುವಿಲ್ಲ, ಭಪ್ಪರೆ ಇಲ್ಲ. ಮೂರು ಸಲ ಹುಡುಕಿ, ಫೋನು ಮಾಡಿದೆ.

“ಇಲ್ಲ ಕಾಕೂ. ಕೊನೇ ತನಕ ನಿಮ್ಮ ದನಿ ಒಂದೇ ಇರೋದು.”

“ಇಲ್ಲ ಅಂದ್ರ? ನಾ ಸುಳ್ಳು ಹೇಳ್ತೀನೇನು?”

“ಹಾಗಲ್ಲ. ತುಂಬ ವರ್ಷ ಆಯ್ತಲ್ಲ, ನೆನಪು ಒಂದೊಂದು ಸಲ...”

“ನೆನಪಿಂದು ನಂಗ ಹೇಳಬ್ಯಾಡವಾ. ಸರಿಯಾಗಿ ಹುಡಿಕಿಲ್ಲ ನೀ,” ಎಂದು ಫೋನು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಇಂಗ್ಲಿಷಿನಲ್ಲಿ, ಅಜ್ಜಿ ಎದ್ದು ಒಳಗೆ ಹೋದರು, ಬೇಸರ ಮಾಡಿಕೊಳ್ಳಬೇಡಿ ಎಂದಳು. ಆ ದಿನದ ಬರಹ ಮುಗಿಯುವುದು ಹೀಗೆ: ‘ಅವರ ನೆನಪು ತಪ್ಪು ಎಂದು ನನಗೆ ಖಾತ್ರಿ. ಖಾತ್ರಿ ಆಗಿರುವುದು ಒಳ್ಳೆಯ ಲಕ್ಷಣವಲ್ಲ.’ ಹೀಗೆ ಬರೆದೆ, ಆದರೆ ಮತ್ತೆ ಹುಡುಕಲಿಲ್ಲ.

ಬಿಡುಗಡೆಗೆ ಕಾಕೂವಿನ ಸಹಿ ಬೇಕಿತ್ತು. ಕಂತಿನ ಕರಡು ಪ್ರತಿ ತೋರಿಸಿ ಸಹಿ ಪಡೆಯಲು ಮತ್ತೆ ಎಜ್‌ವೇರ್‌ಗೆ ಹೋದೆ. ಅಂತಿಮ ಪ್ರತಿ ಕಳಿಸಲು ಐದು ದಿನ ಉಳಿದಿತ್ತು. ಕಾಕೂ ನನ್ನ ಕಡೆ ಸರಿಯಾಗಿ ನೋಡಲಿಲ್ಲ. ಚಹಾ ಮಾತ್ರ ಬಂತು, ಏಲಕ್ಕಿ ಹಾಕಿದ್ದು. ಲ್ಯಾಪ್‌ಟಾಪಿನಲ್ಲಿ ಕಂತು ಓಡಿತು. ಅವರು ಅದನ್ನು ನೋಡುತ್ತಿದ್ದರೆನ್ನುವುದಕ್ಕಿಂತ ಅದರ ಎದುರು ಬಟಾಣಿ ಸುಲಿಯುತ್ತಿದ್ದರು ಎನ್ನಬಹುದು. ಅಧಿಕಾರಿ ಬಾಯಿ ತೆರೆದು “ಪ್ಲೀಸ್. ಲೆಟ್ ಹರ್ ಫಿನಿಶ್” ಎಂದ.

ಸುಲಿಯುವ ಕೈ ನಿಂತಿತು.

“ಹಿಂದ ಒಯ್ಯಿ,” ಎಂದರು.

ಒಯ್ದೆ. ಅಧಿಕಾರಿ ಮತ್ತೆ ಹೇಳಿದ.

“ಇದು ನಮ್ಮವರು.”

“ಕಾಕೂ, ಅದು ನಟ...”

“ಯಾವ ನಟ? ‘ಫಿನಿಶ್’ ಅನ್ನೋದು ಕೇಳು. ಧಾರವಾಡದ ಕಾಲೇಜಿನಾಗ ಕಲ್ತ ಇಂಗ್ಲಿಷ್ ಅದು. ಆ ಮುದುಕಿ ಸಿಟ್ಟಿಗೆದ್ದು ಟಿವಿ ಜೋರ್ ಮಾಡಿದ್ಲು, ನಾ ಹೆದರಿ ಸುಮ್ಮನಾದೆ. ಅವಾಗ ಅವರು ಆಕಿಗೆ ಅಂದಿದ್ದು. ಆ ಮನ್ಯಾಗ ಅವರು ಆಕಿಗೆ ಎದುರು ಮಾತಾಡಿದ್ದು ಅದೊಂದ ಸಲ.” ಆಮೇಲೆ, “ನಾ ಇದನ್ನ ಮರ್ತೇಬಿಟ್ಟಿದ್ದೆ,” ಎಂದರು.

ಮೊಮ್ಮಗಳು ಸೋಫಾದಿಂದ ಇಳಿದು ನೆಲದ ಮೇಲೆ, ಪರದೆಯ ಹತ್ತಿರ ಬಂದು ಕುಳಿತಿದ್ದಳು. “ಅದು ಅಜ್ಜಾನಾ? ರಿಯಲೀ?” ಎಂದಳು. ಆಮೇಲೆ, “ಹಾಗೇ ಬಿಟ್ಟುಬಿಡಿ ಪ್ಲೀಸ್. ಇಟ್ಸ್ ಸೋ ಕೂಲ್, ಅಜ್ಜ ಸ್ಪೇಸ್‌ನಲ್ಲಿ!”

ನನ್ನೊಳಗೂ ಅದೇ ಆಸೆ ಎದ್ದಿತ್ತು, ಆದರೆ ಅಷ್ಟು ಒಳ್ಳೆಯ ಕಾರಣಕ್ಕಲ್ಲ. ಹಾಗೇ ಬಿಟ್ಟರೆ ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ.

ಕಾಕೂ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟರು. “ಬ್ಯಾಡ. ಆ ಮಾತು ಅವರು ನನ್ನ ಸಲುವಾಗಿ ಅಂದಿದ್ದು. ಆ ಟೊಪಿಗಿಯವಗ ಯಾಕ ಕೊಡ್ತೀರಿ?” ಎಂದು ನನ್ನ ಕಡೆ ತಿರುಗಿದರು. “ನಂಗ ವಾಪಸ್ ಬೇಕು. ಆಮ್ಯಾಲೆ ಸಹಿ.”

ಹೇಸ್‌ಗೆ ಹಿಂತಿರುಗಿ ಮೂಲ ಪ್ರತಿ ತೆರೆದೆ. ಕಾಕೂ ಹೇಳಿದ್ದನ್ನೂ ಪರೀಕ್ಷಿಸದೆ ಒಪ್ಪುವ ಹಾಗಿರಲಿಲ್ಲ. ಒಮ್ಮೆ ಅವರ ನೆನಪನ್ನು ಸುಮ್ಮನೆ ತಳ್ಳಿಹಾಕಿ ಕೆಟ್ಟಿದ್ದೆ, ಈಗ ಸುಮ್ಮನೆ ನಂಬಿ ಕೆಡಬಾರದು. ಟಿವಿಯ ಸಣ್ಣ ಸ್ಪೀಕರಿನಿಂದ ಬಂದ ದನಿಗಳಿಗೆ ತಳದ ಗುಂಗು ಇರುವುದಿಲ್ಲ. ಅಷ್ಟು ಕೆಳಗಿನ ಸ್ವರ ಆ ಪೆಟ್ಟಿಗೆಯಿಂದ ಹೊರಡುವುದೇ ಇಲ್ಲ. ಈ ಸಾಲಿನಲ್ಲಿ ಅದು ಧಾರಾಳವಾಗಿತ್ತು. ‘ಪ್ಲೀಸ್’ನ ಮೊದಲ ಅಕ್ಷರದಲ್ಲಿ ಮೈಕಿಗೆ ಉಸಿರು ಬಡಿದ ಸದ್ದೂ ಇತ್ತು. ಅಂದರೆ ಮಾತಾಡಿದವನು ಮೈಕಿನ ಪಕ್ಕದಲ್ಲಿ, ಕೋಣೆಯೊಳಗೆ ಕುಳಿತಿದ್ದ. ಇವೆರಡೂ ಕರಡು ಪ್ರತಿಯಲ್ಲಿ ಯಾಕಿಲ್ಲ ಎಂದು ನನ್ನ ಕೆಲಸದ ಟಿಪ್ಪಣಿ ನೋಡಿದೆ. ನನ್ನದೇ ಅಕ್ಷರ: ‘ಅಧಿಕಾರಿಯ ಸಾಲಿನಲ್ಲಿ ಮಾತ್ರ ತಳದ ಗುಂಗು ಹೆಚ್ಚು, ಉಸಿರಿನ ಬಡಿತ ಒಂದು. ಉಳಿದವರಿಗೆ ಹೊಂದುವಂತೆ ಎರಡನ್ನೂ ಕತ್ತರಿಸಿದೆ.’

ಸಾಕ್ಷಿಯನ್ನು ನೋಡಿದ್ದೆ, ಬರೆದಿದ್ದೆ, ಅಳಿಸಿದ್ದೆ. ದಿನವಿಡೀ ಆಫೀಸಿನಲ್ಲಿ, ಟ್ಯೂಬ್ ರೈಲಿನಲ್ಲಿ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುವವಳು ನಾನು. ಆದರೂ ಒಂದು ಟೇಪಿನಲ್ಲಿ ಇಂಗ್ಲಿಷ್ ಕೇಳಿದ ಕೂಡಲೇ ಅದು ನಮ್ಮವರದಲ್ಲ ಎಂದು ಬಣ್ಣ ಹಚ್ಚಿದೆ. ನಮ್ಮೂರಿನ ಉಚ್ಚಾರಣೆಯನ್ನು ಬೇರೆ ಗ್ರಹದ್ದೆಂದು ಒಪ್ಪಿ ತಲೆಯಾಡಿಸಿದ್ದೂ ನಾನೇ.

ಒಂದು ಇಡೀ ದಿನ ಸುಮ್ಮನಿದ್ದೆ. ದಿನಚರಿಯ ಆ ಪುಟ ಖಾಲಿ ಇದೆ. ಏನು ಯೋಚಿಸಿದೆ ಎಂದು ಈಗ ಬರೆದರೆ ಅದು ಕಟ್ಟಿದ ಕಥೆಯಾದೀತು. ಮರುದಿನ ಬೆಳಿಗ್ಗೆ ಮುಖ್ಯಸ್ಥನನ್ನು ನನ್ನ ಮೇಜಿಗೆ ಕರೆದು, ಏನೂ ಹೇಳದೆ, ಆ ಸಾಲನ್ನು ಕತ್ತರಿಸುವ ಮೊದಲಿನ ರೂಪದಲ್ಲಿ ಕೇಳಿಸಿದೆ.

ಅವನು ಹೆಡ್‌ಫೋನು ತೆಗೆದ. “ಇವನು ಕೋಣೆಯಲ್ಲಿದ್ದಾನೆ.”

“ಹೌದು. ಟೇಪಿನ ಹೆಂಗಸಿನ ಗಂಡ. ತಪ್ಪು ನನ್ನದು.”

“ನಾನು ಈ ಸಾಲನ್ನು ಎಷ್ಟು ಜನರ ಹತ್ತಿರ ಹೊಗಳಿದ್ದೇನೆ ಗೊತ್ತಾ?” ಎಂದ. ಸ್ವಲ್ಪ ಹೊತ್ತು ಕಿಟಕಿಯಾಚೆ ಇಳಿಯುತ್ತಿದ್ದ ವಿಮಾನ ನೋಡಿದ. ನಾನು ಕೆಲಸ ಕಳೆದುಕೊಳ್ಳುವ ಲೆಕ್ಕದಲ್ಲಿದ್ದೆ. ಅವನು ಕೇಳಿದ್ದು ಬೇರೆಯೇ: “ಆಮೇಲೆ ಅವಳಿಗೆ ಮುಗಿಸಲು ಬಿಟ್ಟರಾ?”

“ಬಿಟ್ಟರು.”

“ಸರಿ. ಹಾಗಾದರೆ ನಮ್ಮ ಟೊಪ್ಪಿಗೆಯವನ ಬಾಯಿ ಮುಚ್ಚಿಸೋಣ.”

ಹೇಳಿದಷ್ಟು ಸುಲಭವಾಗಿರಲಿಲ್ಲ. ಚಿತ್ರಕಾರರು ಗೊಣಗಿದರು. ಸಾಲು ತೆಗೆದರೆ ಅಲ್ಲಿ ಮೂರು ಸೆಕೆಂಡು ಏನೂ ಇಲ್ಲ; ಆ ದನಿಯ ಅಡಿಯಲ್ಲಿ ಟಿವಿಯಲ್ಲಿ ಏನು ನಡೆದಿತ್ತೋ ಬೇರ್ಪಡಿಸಲು ಆಗಲಿಲ್ಲ. ಹಸ್ತಪ್ರತಿಯ ಪ್ರಕಾರ ನಾಯಕಿ ಅಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಅಷ್ಟೆ. ಸ್ವಲ್ಪ ಮೊದಲಿನ ನ್ಯಾಯಸಭೆಯ ಯಂತ್ರದ ಗುನುಗನ್ನು ತಂದು ಆ ಖಾಲಿ ಜಾಗ ತುಂಬಿದೆ, ಟಿಪ್ಪಣಿಯಲ್ಲಿ ಹಾಗೆಂದು ಸ್ಪಷ್ಟವಾಗಿ ದಾಖಲಿಸಿದೆ. ಅಧಿಕಾರಿಯ ತುಟಿಗಳನ್ನು ಕೂಡಿಸಿದರು. ಈಗ ಅವನು ಮೂರು ಸೆಕೆಂಡು ಸುಮ್ಮನೆ ನಿಂತು ನಾಯಕಿಯನ್ನು ನೋಡುತ್ತಾನೆ. ಐದನೆಯ ದಿನ, ಗಡುವಿಗೆ ಒಂದು ಗಂಟೆ ಮೊದಲು, ಪ್ರತಿ ಹೋಯಿತು, ಕಾಕೂವಿನ ಸಹಿಯ ಸಮೇತ.

ಸಹಿಗೂ ಮೊದಲು ಕೊಡಬೇಕಾದದ್ದನ್ನು ಕೊಟ್ಟಿದ್ದೆ. ತಳದ ಗುಂಗು, ಉಸಿರಿನ ಬಡಿತ, ಎರಡನ್ನೂ ಹಿಂತಿರುಗಿಸಿ, ಸದ್ದು ಸ್ವಲ್ಪ ಎತ್ತಿ ಮೊಮ್ಮಗಳ ಫೋನಿಗೆ ಹಾಕಿದೆ. ಕಾಕೂ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ನಾಲ್ಕೈದು ಸಲ ಕೇಳಿದರು.

“ಅವತ್ತು ನಿನ್ನ ಲ್ಯಾಪ್‌ಟಾಪಿನಾಗ ಮೂಗಿಲೆ ಮಾತಾಡಿದಂಗಿತ್ತು,” ಎಂದರು. “ಇವತ್ತು ಎದಿಯಿಂದ ಬಂತು.”

“ಭಪ್ಪರೆ ಮಾತ್ರ ಸಿಗಲಿಲ್ಲ ಕಾಕೂ.”

“ಟೇಪು ಮುಗಿದ ಮ್ಯಾಲೆ ಅಂದಿರಬೇಕು. ನಿನ್ನ ಯಂತ್ರ ಇದ್ದಾಗ ಅಷ್ಟ ಮಾತಾಡ್ಬೇಕಂತ ಏನದ?”

ಕೆಲಸದ ಟಿಪ್ಪಣಿಯಲ್ಲಿ ಆ ಮಾತನ್ನು ದಾಖಲಿಸುವಂತಿಲ್ಲ. ದಿನಚರಿಯಲ್ಲಿ ಬರೆದುಕೊಂಡೆ.

ಕಂತು ಬಿಡುಗಡೆಯಾದ ವಾರ ಕಾಕೂ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಎಣಗಾಯಿ, ಮೊಸರಿಗೆ ಹಚ್ಚಿದ ಶೇಂಗಾ ಚಟ್ನಿಪುಡಿ. ಊಟವಾದ ಮೇಲೆ ದೊಡ್ಡ ಟಿವಿಯಲ್ಲಿ ಕಂತು ಹಾಕಿದರು. ಮೊಮ್ಮಗಳು ಮೊದಲಿನಿಂದಲೂ ಏನೋ ಕೇಳುತ್ತಲೇ ಇದ್ದಳು: ಈ ಗ್ರಹ ಯಾವುದು, ಇವರೇಕೆ ಓಡುತ್ತಿಲ್ಲ. ನ್ಯಾಯಸಭೆ ಬಂತು. ನಾಯಕಿ ಮಾತಾಡುತ್ತ ಉಸಿರಿಗಾಗಿ ನಿಂತಳು. ಅಧಿಕಾರಿ ಅವಳತ್ತ ನೋಡಿದ.

“ಈಗ,” ಎಂದರು ಕಾಕೂ, ಮೊಮ್ಮಗಳ ಕಡೆ ಕೈ ಎತ್ತಿ.

ಅವಳು ಸುಮ್ಮನಾದಳು. ನಾನೂ ಕೈಯಲ್ಲಿದ್ದ ಲೋಟ ಕೆಳಗಿಡಲಿಲ್ಲ. ಮೂರು ಸೆಕೆಂಡು ಯಂತ್ರದ ಗುನುಗು ಮಾತ್ರ.

“ಹೂಂ,” ಎಂದು ಕಾಕೂ ಕೈ ಇಳಿಸಿದರು. “ಮುಂದ ನಡೀಲಿ.”